ಗ್ರೇಡ್ ಆದ ಹಳೇ ನಾಣ್ಯ ಕೊಳ್ಳುವ ಮೊದಲು: ಕಣ್ಣಿಗೆ ಏನು ಕಲಿಸಬೇಕು, ದುಡ್ಡು ಎಲ್ಲಿ ಹಾಕಬೇಕು

ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಏಳು ವಿಕ್ಟೋರಿಯಾ ರೂಪಾಯಿಗಳಿದ್ದವು. ಏಳರ ನೆತ್ತಿಯ ಮೇಲೂ ಕೊಂಡಿ ಬೆಸೆದಿದ್ದ ಗುರುತು. ಒಂದು ಕಾಲಕ್ಕೆ ಅವು ಕಾಸಿನ ಸರದಲ್ಲಿದ್ದವಂತೆ. ಪ್ರತಿ ದೀಪಾವಳಿಗೆ ಅಜ್ಜಿ ಅವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ, ಅರಿಶಿನ ಕುಂಕುಮ ಇಟ್ಟು ಲಕ್ಷ್ಮೀಪೂಜೆಗೆ ಕೂರಿಸುತ್ತಿದ್ದರು. ಪಳಪಳ ಹೊಳೆಯುತ್ತಿದ್ದವು. ಆ ತಿಕ್ಕಿದ ಹೊಳಪೇ ನಾಣ್ಯಕ್ಕೆ ಬಿದ್ದ ದೊಡ್ಡ ಏಟು ಅಂತ ನನಗೆ ತಿಳಿದದ್ದು ಸಂಗ್ರಹಕ್ಕೆ ಇಳಿದ ಮೇಲೆ.

ನಮ್ಮ ಕಡೆ ಹಳೇ ಬೆಳ್ಳಿ ರೂಪಾಯಿ ಅಪರೂಪವಲ್ಲ. ಬೆಂಗಳೂರಿನ ಎಷ್ಟೋ ಹಳೇ ಮನೆಗಳಲ್ಲಿ ಎರಡೋ ಮೂರೋ ಸಿಗುತ್ತವೆ. ಅಪರೂಪ ಯಾವುದು ಅಂದರೆ, ಯಾರೂ ತಿಕ್ಕದ, ಯಾರೂ ಬೆಸೆಯದ, ಟಂಕಸಾಲೆಯಿಂದ ಬಂದ ಮೈಯನ್ನೇ ಉಳಿಸಿಕೊಂಡಿರುವ ನಾಣ್ಯ. ಗ್ರೇಡ್ ಆದ, ಅಂದರೆ ಪರೀಕ್ಷಿಸಿ ಸ್ಥಿತಿಗೆ ಅಂಕಿ ಕೊಟ್ಟ ನಾಣ್ಯಕ್ಕೆ ಜಾಸ್ತಿ ದುಡ್ಡು ಕೊಡುವಾಗ ನಾವು ಕೊಳ್ಳುತ್ತಿರುವುದು ಆ ಮೈಯನ್ನು. ಇದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ

ಗ್ರೇಡಿಂಗ್ ಸಂಸ್ಥೆ ನಾಣ್ಯವನ್ನು ಪರೀಕ್ಷಿಸಿ, ಅಸಲಿ ಅಂತ ಖಚಿತಪಡಿಸಿಕೊಂಡು, ಸ್ಥಿತಿಗೆ ಒಂದು ಅಂಕಿ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತದೆ. ಈ ಡಬ್ಬಿಯನ್ನೇ ಸಂಗ್ರಹಕಾರರು ಸ್ಲ್ಯಾಬ್ ಅನ್ನುತ್ತಾರೆ. ನಮ್ಮಲ್ಲಿ ಜಾಸ್ತಿ ಕಾಣುವುದು ಅಮೆರಿಕದ ಎರಡು ಸಂಸ್ಥೆಗಳದ್ದು. 1986ರಲ್ಲಿ ಕೆಲಸ ಶುರು ಮಾಡಿದ ಪಿಸಿಜಿಎಸ್, 1987ರಲ್ಲಿ ಬಂದ ಎನ್‌ಜಿಸಿ.

ಅಂಕಿ 1ರಿಂದ 70ರವರೆಗೆ. ಈ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗೆಂದು ಮಾಡಿದ. 70 ಅಂಕಿಯ ನಾಣ್ಯದ ಬೆಲೆ 1 ಅಂಕಿಯದ್ದಕ್ಕಿಂತ 70 ಪಟ್ಟು ಇರಬೇಕು ಅನ್ನುವುದು ಅವನ ಲೆಕ್ಕ. ಬೆಲೆಯ ಆ ಲೆಕ್ಕ ಯಾವತ್ತೋ ಹೋಯಿತು, ಅಂಕಿ ಮಾತ್ರ ಉಳಿಯಿತು. 60ರಿಂದ 70 ಅಂದರೆ ಎಂಎಸ್, ಚಲಾವಣೆಯಲ್ಲಿ ಸವೆಯದ ನಾಣ್ಯ. 50ರಿಂದ 58 ಎಯು, ಎತ್ತರದ ಜಾಗಗಳಲ್ಲಿ ಮಾತ್ರ ಚೂರು ಸವೆತ. 40 ಮತ್ತು 45 ಎಕ್ಸ್‌ಎಫ್, 20ರಿಂದ 35 ವಿಎಫ್. ಪಿಎಫ್ ಅಥವಾ ಪಿಆರ್ ಅಂತ ಇದ್ದರೆ ಅದು ಪ್ರೂಫ್. ಅದನ್ನು ಅಚ್ಚು ಹಾಕಿದ ರೀತಿಯೇ ಬೇರೆ, ಅದು ಬಳಕೆಯ ನಾಣ್ಯವಲ್ಲ. ತಾಮ್ರದ ನಾಣ್ಯವಾದರೆ ಕೊನೆಗೆ ಆರ್‌ಡಿ, ಆರ್‌ಬಿ, ಬಿಎನ್ ಅಂತ ಇರುತ್ತದೆ. ಮೂಲ ಕೆಂಪು ಉಳಿದಿದೆಯೋ, ಅರ್ಧ ಹೋಗಿದೆಯೋ, ಪೂರ್ತಿ ಕಂದಾಗಿದೆಯೋ ಅನ್ನುವ ಗುರುತು ಅದು. ತಾಮ್ರದಲ್ಲಿ ಈ ಎರಡು ಅಕ್ಷರಕ್ಕೇ ಬೆಲೆ ಬಹಳ ಬದಲಾಗುತ್ತದೆ.

ಲೇಬಲ್ಲಿನಲ್ಲಿ ಇನ್ನೂ ಒಂದು ಪದ ಹುಡುಕಿ: ರೀಸ್ಟ್ರೈಕ್. ಬ್ರಿಟಿಷ್ ಕಾಲದ ಕೆಲವು ಪ್ರೂಫ್ ನಾಣ್ಯಗಳನ್ನು ನಮ್ಮ ಟಂಕಸಾಲೆಗಳಲ್ಲೇ ನಂತರದ ವರ್ಷಗಳಲ್ಲಿ ಸಂಗ್ರಹಕಾರರಿಗಾಗಿ ಮತ್ತೆ ಅಚ್ಚು ಹಾಕಿದ್ದರು. ಅವೂ ಟಂಕಸಾಲೆಯದ್ದೇ, ಚೆಂದವೂ ಇರುತ್ತವೆ. ಆದರೆ ಮೂಲ ಪ್ರೂಫ್‌ನ ಬೆಲೆ ಅವಕ್ಕಿಲ್ಲ.

ಹತ್ತು ಅಗ್ಗದ ರೂಪಾಯಿ, ಒಂದು ಲ್ಯಾಂಪು

ಸ್ಲ್ಯಾಬ್ ಕೊಳ್ಳುವ ಆತುರ ಬೇಡ. ಮೊದಲು ಜಾರ್ಜ್ ಐದನೆಯವನ ಹತ್ತು ಸಾಮಾನ್ಯ ಬೆಳ್ಳಿ ರೂಪಾಯಿ ಕೊಳ್ಳಿ. 1918ರಂಥ ಇಸವಿಯವು ಕೋಟಿಗಟ್ಟಲೆ ಅಚ್ಚಾದವು, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ಸಿಗುತ್ತವೆ. ಸವೆದದ್ದು, ತಿಕ್ಕಿದ್ದು, ಕಪ್ಪಾದದ್ದು, ಚೆನ್ನಾಗಿರುವುದು, ಎಲ್ಲ ಬಗೆಯದ್ದೂ ಇರಲಿ. ಎಸ್.ಪಿ. ರಸ್ತೆಯಲ್ಲಿ ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ತಗೊಳ್ಳಿ. ಐದು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಮತ್ತೆ ಒಂದೇ ಬಲ್ಬಿನ ಟೇಬಲ್ ಲ್ಯಾಂಪು. ಇದು ಎಲ್ಲಕ್ಕಿಂತ ಮುಖ್ಯ.

ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಮೇಜಿನ ಮೇಲೆ ಬಟ್ಟೆ ಹಾಸಿ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು, ಲ್ಯಾಂಪಿನ ಕೆಳಗೆ ನಿಧಾನಕ್ಕೆ ಓರೆ ಮಾಡುತ್ತಾ ತಿರುಗಿಸಿ. ಮೈ ಕೆಡದ ನಾಣ್ಯದ ಮೇಲೆ ಬೆಳಕಿನ ಪಟ್ಟೆಗಳು ಬಂಡಿ ಚಕ್ರದ ಅರಗಳ ಹಾಗೆ ಸುತ್ತು ಹೊಡೆಯುತ್ತವೆ. ಅಚ್ಚು ಒತ್ತಿದಾಗ ಲೋಹ ಹೊರಮುಖವಾಗಿ ಹರಿದು ಸಣ್ಣ ಸಣ್ಣ ಗೆರೆಗಳಾಗಿರುತ್ತವೆ, ಆ ಗೆರೆಗಳಿಂದ ಬರುವ ಹೊಳಪು ಇದು. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಯಾವುದರಿಂದ ತಿಕ್ಕಿದರೂ ಆ ಗೆರೆಗಳು ಹೋಗುತ್ತವೆ. ನಾಣ್ಯ ಹೊಳೆಯುತ್ತದೆ, ಆದರೆ ಬೆಳಕು ಸುತ್ತುವುದಿಲ್ಲ. ಸ್ಟೀಲ್ ಲೋಟದ ಹಾಗೆ ಒಂದೇ ಸಮ ಮಿನುಗುತ್ತದೆ. ಇನ್ನೂ ಓರೆ ಮಾಡಿದರೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಕಾಣುತ್ತವೆ.

ನಾನು ಮೊದಲ ಸ್ಲ್ಯಾಬ್ ಕೊಂಡದ್ದು ಒಂದು ಪ್ರದರ್ಶನದಲ್ಲಿ, ಸಂಜೆ, ಟ್ಯೂಬ್‌ಲೈಟಿನ ಕೆಳಗೆ. ಎಡ್ವರ್ಡ್ ಏಳನೆಯವನ ರೂಪಾಯಿ, ಎಂಎಸ್ 62. ಮನೆಗೆ ಬಂದು ಲ್ಯಾಂಪಿಗೆ ಹಿಡಿದಾಗ ಎಡಗಡೆ ಖಾಲಿ ಜಾಗದ ತುಂಬ ಗೀರುಗಳು. ಮಾರಿದವರಿಗೆ ಫೋನ್ ಮಾಡಿದೆ. "ಅಂಕಿ ಸರಿಯಾಗೇ ಇದೆಯಲ್ಲ ಸಾರ್" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. 62 ಅಂದರೆ ಸವೆದಿಲ್ಲ ಅಂತ ಅಷ್ಟೇ, ಗೀರು ಇಲ್ಲ ಅಂತಲ್ಲ. ಆದರೂ ಬಹಳ ಬೇಜಾರಾಯಿತು. ಮುಂದಿನ ಪ್ರದರ್ಶನ ಕೆಂಪೇಗೌಡ ರಸ್ತೆಯ ಶಿಕ್ಷಕರ ಸದನದಲ್ಲಿತ್ತು. ಅಲ್ಲಿ ಹಿರಿಯ ಸಂಗ್ರಹಕಾರರೊಬ್ಬರು ನನ್ನ ಕೈಗೆ ತಮ್ಮ ಜೇಬಿನ ಟಾರ್ಚ್ ಕೊಟ್ಟರು. "ತಿರುಗಿಸಪ್ಪಾ, ಸುಮ್ನೆ ನೆಟ್ಟಗೆ ಹಿಡ್ಕೊಂಡ್ರೆ ಏನೂ ಕಾಣಲ್ಲ" ಅಂದರು. ಅವತ್ತಿನಿಂದ ನನ್ನ ಜೇಬಿನಲ್ಲೂ ಒಂದು ಟಾರ್ಚ್ ಇದೆ.

ಸವೆತ ಎಲ್ಲಿ ಮೊದಲು ಕಾಣುತ್ತದೆ ಅನ್ನುವುದನ್ನೂ ಕಲಿಯಿರಿ. ವಿಕ್ಟೋರಿಯಾ ರೂಪಾಯಿಯಲ್ಲಿ ಕಿವಿಯ ಮೇಲಿನ ಕೂದಲು, ಕೆನ್ನೆ, ಎದೆಯ ಮೇಲಿನ ಉಡುಪಿನ ಕಸೂತಿ. ಎಡ್ವರ್ಡ್‌ಗೆ ಕಿವಿಯ ಮೇಲಿನ ಕೂದಲು ಮತ್ತು ಗಡ್ಡ. ಜಾರ್ಜ್ ಐದನೆಯವನಿಗೆ ಕಿರೀಟದ ಕಮಾನು, ಕೆನ್ನೆ ಮತ್ತು ನಿಲುವಂಗಿಯ ಮೇಲಿನ ಆನೆ.

ಆ ಆನೆಗೆ ಒಂದು ಕತೆಯೇ ಇದೆ. 1911ರ ರೂಪಾಯಿಯಲ್ಲಿ ಸೊಂಡಿಲು ಮೋಟಾಗಿ ಬಂದು, ನೋಡಿದವರಿಗೆ ಅದು ಹಂದಿಯ ಹಾಗೆ ಕಂಡಿತು. ಜನರಿಗೆ ಅಸಮಾಧಾನವಾಯಿತು. ನಾಣ್ಯಗಳನ್ನು ವಾಪಸ್ ತೆಗೆದುಕೊಂಡು, 1912ರಿಂದ ಆನೆಯನ್ನು ತಿದ್ದಿ ಅಚ್ಚು ಹಾಕಿದರು. ಈಗ 1911ರ ರೂಪಾಯಿಗೆ 1912ರದ್ದಕ್ಕಿಂತ ಬೇಡಿಕೆ ಜಾಸ್ತಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಭೂತಗನ್ನಡಿ ಹಿಡಿಯಲು ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಒಂದು ಎಚ್ಚರಿಕೆ. ಚಪ್ಪಟೆಯಾಗಿ ಕಂಡದ್ದೆಲ್ಲ ಸವೆತವಲ್ಲ. ಅಚ್ಚು ಸರಿಯಾಗಿ ಬೀಳದಿದ್ದರೂ ಹಾಗೇ ಕಾಣುತ್ತದೆ. ವ್ಯತ್ಯಾಸ ಹೇಳುವುದು ಮತ್ತೆ ಅದೇ ಹೊಳಪು. ಚಪ್ಪಟೆ ಜಾಗದ ಮೇಲೂ ಬೆಳಕು ಹಾಯ್ದು ಹೋದರೆ ಅದು ಅಚ್ಚಿನ ದೋಷ. ಅಲ್ಲಿ ಮಾತ್ರ ಬೆಳಕು ಸತ್ತು ಬೂದುಬಣ್ಣ ಕಂಡರೆ ಸವೆತ.

ಇಷ್ಟು ಅಭ್ಯಾಸ ಆದ ಮೇಲೆ ನಿಮಗೇ ಒಂದು ವಿಷಯ ಕಾಣುತ್ತದೆ. ಒಳ್ಳೆ ಎಯು 58 ನಾಣ್ಯ ಎಷ್ಟೋ ಸಲ ಎಂಎಸ್ 61ಕ್ಕಿಂತ ಚೆಂದ ಇರುತ್ತದೆ. 61 ಅಂದರೆ ಸವೆದಿಲ್ಲ ನಿಜ, ಆದರೆ ಚೀಲದಲ್ಲಿ ಬೇರೆ ನಾಣ್ಯಗಳ ಜೊತೆ ಕುಲುಕಿ ಮುಖದ ತುಂಬ ಏಟು ಬಿದ್ದಿರಬಹುದು. 58ಕ್ಕೆ ಕೆನ್ನೆಯ ಮೇಲೆ ಚೂರು ಉಜ್ಜಿದ ಗುರುತು ಬಿಟ್ಟರೆ ಮೈ ಪೂರ್ತಿ ಇರಬಹುದು. ಬೆಲೆಯೂ ಕಡಿಮೆ. ಹೊಸಬರಿಗೆ ನಾನು ಹೇಳುವುದು ಇದನ್ನೇ, 58ರಿಂದ ಶುರು ಮಾಡಿ.

'ಡೀಟೇಲ್ಸ್' ಅಂತ ಬರೆದಿದ್ದರೆ

ಅಂಕಿಯ ಬದಲು 'ಎಯು ಡೀಟೇಲ್ಸ್, ಕ್ಲೀನ್ಡ್' ಅಂತಲೋ 'ಮೌಂಟ್ ರಿಮೂವ್ಡ್' ಅಂತಲೋ ಬರೆದ ಡಬ್ಬಿಗಳು ಸಿಗುತ್ತವೆ. ನಾಣ್ಯ ಅಸಲಿ, ಸವೆತ ಇಷ್ಟು, ಆದರೆ ಮೈಗೆ ಹಾನಿಯಾಗಿದೆ ಅಂತ ಅರ್ಥ. ಅಜ್ಜಿಯ ಏಳು ರೂಪಾಯಿಗಳನ್ನು ಕಳಿಸಿದ್ದರೆ ಏಳಕ್ಕೂ ಇದೇ ಬರುತ್ತಿತ್ತು. ಕೊಂಡಿ ತೆಗೆದು ಉಜ್ಜಿ ಸರಿ ಮಾಡಿದ ಜಾಗ ಸಾಮಾನ್ಯವಾಗಿ ನೆತ್ತಿಯ ಅಂಚಿನಲ್ಲಿರುತ್ತದೆ. ಹಾಗಾಗಿ ಯಾವ ನಾಣ್ಯವೇ ಆಗಲಿ ಅಂಚನ್ನು ಒಂದು ಸುತ್ತು ಪೂರ್ತಿ ನೋಡಿ. ಅಂಚಿನ ಸಾಲು ಗೆರೆಗಳು ಒಂದು ಕಡೆ ಮಾತ್ರ ಮಾಸಿದ್ದರೆ ಅನುಮಾನ ಪಡಿ.

ಸಾಮಾನ್ಯ ಇಸವಿಯ ನಾಣ್ಯ ಡೀಟೇಲ್ಸ್ ಆಗಿದ್ದರೆ ಬಿಟ್ಟುಬಿಡಿ, ಚೆನ್ನಾಗಿರುವುದು ಬೇಕಾದಷ್ಟು ಸಿಗುತ್ತದೆ. ನಿಜಕ್ಕೂ ಅಪರೂಪದ ನಾಣ್ಯವಾದರೆ ಮಾತು ಬೇರೆ. 1939ರ ಬೆಳ್ಳಿ ರೂಪಾಯಿ ಎಷ್ಟು ಅಪರೂಪ ಅಂದರೆ, ಡೀಟೇಲ್ಸ್ ಇದ್ದರೂ ಕೊಳ್ಳುವವರಿದ್ದಾರೆ. ಬೆಲೆ ಮಾತ್ರ ಡೀಟೇಲ್ಸ್ ನಾಣ್ಯದ ಬೆಲೆಯೇ ಆಗಿರಬೇಕು.

ಡಬ್ಬಿಯೂ ನಕಲಿ ಇರಬಹುದು

ಹೌದು, ಪಿಸಿಜಿಎಸ್ ಮತ್ತು ಎನ್‌ಜಿಸಿ ಡಬ್ಬಿಗಳನ್ನೇ ನಕಲು ಮಾಡುವವರಿದ್ದಾರೆ. ಲೇಬಲ್ಲಿನ ಪ್ರಮಾಣಪತ್ರದ ಸಂಖ್ಯೆಯನ್ನು ಆಯಾ ಸಂಸ್ಥೆಯ ಅಧಿಕೃತ ತಾಣದಲ್ಲಿ ನೀವೇ ಟೈಪ್ ಮಾಡಿ ನೋಡಿ. ಮಾರುವವರು ಕಳಿಸಿದ ಲಿಂಕ್ ಒತ್ತಬೇಡಿ. ಸಂಖ್ಯೆ ಸರಿಯಿದೆ ಅಂತ ಅಲ್ಲಿಗೇ ನಿಲ್ಲಿಸಬೇಡಿ. ನಕಲಿ ಡಬ್ಬಿಯ ಮೇಲೆ ಬೇರೆ ಅಸಲಿ ನಾಣ್ಯದ ಸಂಖ್ಯೆಯನ್ನೇ ಅಚ್ಚು ಹಾಕಿರುತ್ತಾರೆ. ತಾಣದಲ್ಲಿ ಫೋಟೋ ಇದ್ದರೆ ಅದರಲ್ಲಿರುವ ಒಂದೊಂದು ಕಲೆ, ಗೀರನ್ನು ನಿಮ್ಮ ಮುಂದಿರುವ ನಾಣ್ಯದ ಜೊತೆ ಹೋಲಿಸಿ.

ಡಬ್ಬಿಯಿಲ್ಲದ ನಾಣ್ಯವಾದರೆ ತಕ್ಕಡಿ ಇದೆ. ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. ಸವೆದಿದ್ದರೆ ಸ್ವಲ್ಪ ಕಡಿಮೆ ತೂಗುತ್ತದೆ, ಜಾಸ್ತಿ ತೂಗಿದರೆ ಪ್ರಶ್ನೆ ಕೇಳಬೇಕು. ಬೆಳ್ಳಿಗೆ ಆಯಸ್ಕಾಂತ ಅಂಟುವುದಿಲ್ಲ. 1947ರ ಹುಲಿಯ ಚಿತ್ರದ ರೂಪಾಯಿ ನಿಕ್ಕಲ್‌ನದ್ದು, ಅದಕ್ಕೆ ಅಂಟಲೇಬೇಕು.

ಬೆಲೆ ಕಟ್ಟುವುದು

ಕೆಳಗಿನಿಂದ ಮೇಲಕ್ಕೆ ಹೋಗಿ. ಮೊದಲು ಲೋಹದ ಬೆಲೆ. 1939ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಶೇ. 91.7, ಅಂದರೆ ಸುಮಾರು 10.69 ಗ್ರಾಂ. 1940ರಿಂದ 1945ರ ರೂಪಾಯಿಗಳಲ್ಲಿ ಅರ್ಧವಷ್ಟೇ, 5.83 ಗ್ರಾಂ. ಅವತ್ತಿನ ಬೆಳ್ಳಿ ದರದಿಂದ ಗುಣಿಸಿ. ಇದು ನೆಲ, ಇದಕ್ಕಿಂತ ಕೆಳಗೆ ಬೆಲೆ ಇಳಿಯುವುದಿಲ್ಲ.

ಆಮೇಲೆ ಇಸವಿ, ಟಂಕಸಾಲೆ, ಬಗೆ. ವಿಕ್ಟೋರಿಯಾಳ 1862ರ ರೂಪಾಯಿಯನ್ನೇ ತಗೊಳ್ಳಿ. ಇಸವಿ ಬದಲಿಸದೆ 1874ರವರೆಗೂ ಅದನ್ನೇ ಅಚ್ಚು ಹಾಕಿದರು. ನಾಣ್ಯದ ಮೇಲಿನ ಸಣ್ಣ ಚುಕ್ಕಿಗಳ ಲೆಕ್ಕದಿಂದ ಬಗೆಗಳನ್ನು ಗುರುತಿಸುತ್ತಾರೆ. ಸಾಮಾನ್ಯ ಬಗೆಯ 64ಕ್ಕಿಂತ ಅಪರೂಪದ ಬಗೆಯ ಎಕ್ಸ್‌ಎಫ್‌ಗೆ ಬೆಲೆ ಜಾಸ್ತಿ ಬರಬಹುದು. ಲೇಬಲ್ಲಿನಲ್ಲಿ ಬಗೆ ಬರೆದಿರದಿದ್ದರೆ ನೀವೇ ಚುಕ್ಕಿ ಎಣಿಸಿ. ತಿಳಿದವರಿಗೆ ಅಗ್ಗಕ್ಕೆ ಸಿಗುವುದು ಇಂಥ ಕಡೆಯೇ.

ಅದಾದ ಮೇಲೆ ಮಾರಾಟವಾದ ಬೆಲೆ ನೋಡಿ. ಕೇಳುತ್ತಿರುವ ಬೆಲೆ ಬೇಡ. ನಮ್ಮ ದೇಶದ ಮತ್ತು ಹೊರಗಿನ ಹರಾಜು ಸಂಸ್ಥೆಗಳು ಹಳೇ ಹರಾಜಿನ ಫಲಿತಾಂಶಗಳನ್ನು ತಮ್ಮ ತಾಣದಲ್ಲಿ ಇಟ್ಟಿರುತ್ತವೆ. ಅದೇ ನಾಣ್ಯ, ಅದೇ ಗ್ರೇಡು, ಕಳೆದ ಎರಡು ಮೂರು ವರ್ಷದ ನಾಲ್ಕು ಮಾರಾಟ ಬರೆದುಕೊಳ್ಳಿ. ತೀರ ಹೆಚ್ಚಿನದ್ದನ್ನೂ ತೀರ ಕಡಿಮೆಯದ್ದನ್ನೂ ಬಿಡಿ. ಹರಾಜಿನಲ್ಲಿ ನೀವು ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ ಮತ್ತು ತೆರಿಗೆ ಸೇರುತ್ತದೆ ಅನ್ನುವುದು ನೆನಪಿರಲಿ. ಕಮಿಷನ್ ಶೇ. 15 ಅಂತ ಇಟ್ಟುಕೊಂಡರೆ, 40,000ಕ್ಕೆ ಕೂಗಿದ್ದು ತೆರಿಗೆಗೆ ಮೊದಲೇ 46,000 ಆಗುತ್ತದೆ. ಮಾರುವಾಗಲೂ ಕಮಿಷನ್ ಕೊಡಬೇಕು. ಈ ಎರಡು ಕಡೆಯ ಖರ್ಚು ಲೆಕ್ಕ ಹಾಕದೆ 'ನಾಣ್ಯ ಒಳ್ಳೆ ಹೂಡಿಕೆ' ಅನ್ನುವವರ ಮಾತು ನಂಬಬೇಡಿ.

ಗ್ರೇಡಿನ ಮೆಟ್ಟಿಲುಗಳನ್ನು ನೋಡಿ. ಒಂದು ನಾಣ್ಯ 63ರಲ್ಲಿ ಹತ್ತು ಸಾವಿರ, 64ರಲ್ಲಿ ಹನ್ನೆರಡು, 65ರಲ್ಲಿ ಇಪ್ಪತ್ತೈದು ಅಂತ ಇಟ್ಟುಕೊಳ್ಳಿ. 64ಕ್ಕೂ 65ಕ್ಕೂ ಇರುವ ಅಂತರ ಕೆನ್ನೆಯ ಮೇಲಿನ ಒಂದೆರಡು ಚುಕ್ಕೆ ಇರಬಹುದು. ಆ ಹದಿಮೂರು ಸಾವಿರ ಹೋಗುವುದು ಆ ಚುಕ್ಕೆಗಳಿಗೆ. ಅದೇ ದಿನ ಬೇರೊಬ್ಬ ಪರೀಕ್ಷಕ ನೋಡಿದ್ದರೆ ಅಂಕಿ ಒಂದು ಆಚೀಚೆ ಆಗಬಹುದಿತ್ತು. ನಾನಾದರೆ ಬೆಲೆ ಜಿಗಿಯುವ ಮೊದಲಿನ ಮೆಟ್ಟಿಲಲ್ಲಿ ನಿಲ್ಲುತ್ತೇನೆ. ಆ ಮೆಟ್ಟಿಲಿನ ಎಂಟು ಹತ್ತು ನಾಣ್ಯ ನೋಡಿ, ಅದರಲ್ಲೇ ಮೈ ಅತಿ ಚೆನ್ನಾಗಿರುವುದನ್ನು ಆರಿಸುತ್ತೇನೆ. ಒಂದೇ ಅಂಕಿಯ ಎರಡು ನಾಣ್ಯ ಎಷ್ಟು ಬೇರೆ ಇರುತ್ತವೆ ಅಂತ ಲ್ಯಾಂಪಿನ ಕೆಳಗೆ ನೋಡಿದರೇನೇ ನಂಬಿಕೆ ಬರುವುದು.

ಈಗ ಜನ ಜಾಸ್ತಿ ಮೋಸ ಹೋಗುವ ಜಾಗ. 'ಟಾಪ್ ಪಾಪ್' ಅಂತ ಹೇಳಿ ಮಾರುತ್ತಾರೆ. ಯಾವ ನಾಣ್ಯ ಯಾವ ಗ್ರೇಡಿನಲ್ಲಿ ಎಷ್ಟು ಬಂದಿದೆ ಅಂತ ಸಂಸ್ಥೆಗಳು ಲೆಕ್ಕ ಪ್ರಕಟಿಸುತ್ತವೆ. ಅದರಲ್ಲಿ ಇದಕ್ಕಿಂತ ಮೇಲಿನದ್ದು ಇಲ್ಲ ಅಂತ ಅರ್ಥ. ಆದರೆ ಆ ಪಟ್ಟಿಯಲ್ಲಿರುವುದು ಗ್ರೇಡಿಂಗ್‌ಗೆ ಕಳಿಸಿದ ನಾಣ್ಯಗಳು ಮಾತ್ರ. ನಮ್ಮ ಸಾಮಾನ್ಯ ಐವತ್ತು ಪೈಸೆ, ಒಂದು ರೂಪಾಯಿಯನ್ನು ಖರ್ಚು ಮಾಡಿ ಯಾರು ಕಳಿಸುತ್ತಾರೆ? ಮೂರೇ ಜನ ಕಳಿಸಿದ್ದರೆ ಪಟ್ಟಿಯಲ್ಲಿ ಮೂರೇ ಇರುತ್ತದೆ. ನಾಳೆ ಯಾರೋ ಹೊಸ ನಾಣ್ಯಗಳ ಮೂಟೆ ಬಿಚ್ಚಿ ಇಪ್ಪತ್ತು ಕಳಿಸಿದರೆ ನಿಮ್ಮ 'ಟಾಪ್' ಎಲ್ಲಿ ಹೋಯಿತು? ಒಂದೇ ನಾಣ್ಯವನ್ನು ಹೆಚ್ಚಿನ ಅಂಕಿಯ ಆಸೆಗೆ ಡಬ್ಬಿ ಒಡೆದು ಮತ್ತೆ ಕಳಿಸುವವರೂ ಇದ್ದಾರೆ, ಅದು ಪಟ್ಟಿಯಲ್ಲಿ ಎರಡು ಸಲ ಎಣಿಕೆಯಾಗಬಹುದು. ನೂರು ವರ್ಷದಿಂದ ಸಂಗ್ರಹಕಾರರು ಹುಡುಕುತ್ತಿರುವ ನಾಣ್ಯಕ್ಕೆ ಆ ಪಟ್ಟಿ ಉಪಯೋಗ. ನಿನ್ನೆ ಮೊನ್ನೆಯ ನಾಣ್ಯಕ್ಕೆ ಅದನ್ನು ನಂಬಿ ಸಾವಿರಗಟ್ಟಲೆ ಕೊಡಬೇಡಿ.

'ಈ ಐದು ರೂಪಾಯಿ ನಾಣ್ಯಕ್ಕೆ ಲಕ್ಷ' ಅನ್ನುವ ವಾಟ್ಸಾಪ್ ಸಂದೇಶಗಳ ಬಗ್ಗೆಯೂ ಎರಡು ಮಾತು. ಹಳೇ ನಾಣ್ಯ, ನೋಟು ಕೊಂಡು ಮಾರುವುದಕ್ಕೆ ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಮನೆಯ ಹಿರಿಯರಿಗೆ ಇದನ್ನು ಹೇಳಿ.

ನಮ್ಮ ಮೈಸೂರಿನ ನಾಣ್ಯಗಳಿಗೆ ಬೇರೆ ಕಣ್ಣು

ಟಿಪ್ಪುವಿನ ಆನೆ ಕಾಸು, ಕಂಠೀರವ ಹಣ, ಮುಮ್ಮಡಿ ಕೃಷ್ಣರಾಜರ ಕನ್ನಡ ಅಕ್ಷರದ ತಾಮ್ರದ ಕಾಸು. ಇವೂ ಈಗ ಸ್ಲ್ಯಾಬ್‌ನಲ್ಲಿ ಬರುತ್ತಿವೆ. ಇಲ್ಲಿ ಅಂಕಿಗೆ ನಾನು ಕೊಡುವ ಬೆಲೆ ಕಡಿಮೆ. ಇವು ಕೈಯಿಂದ ಬಡಿದ ನಾಣ್ಯಗಳು, ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಒಂದು ಕಾಸಿನಲ್ಲಿ ಆನೆಯ ಸೊಂಡಿಲೇ ಹೊರಗೆ ಹೋಗಿರುತ್ತದೆ, ಇನ್ನೊಂದರಲ್ಲಿ ಬಾಲದ ತುದಿಯವರೆಗೂ ಇರುತ್ತದೆ. ಎರಡನೆಯದು ಸ್ವಲ್ಪ ಸವೆದಿದ್ದರೂ ನಾನು ಅದನ್ನೇ ಕೊಳ್ಳುವುದು.

ಟಿಪ್ಪುವಿನ ತಾಮ್ರದಲ್ಲಿ ಮುಖ್ಯ ಪ್ರಶ್ನೆ ಟಂಕಸಾಲೆ ಯಾವುದು ಅನ್ನುವುದು. ಪಟ್ಟಣ ಅಂದರೆ ಶ್ರೀರಂಗಪಟ್ಟಣದ್ದು ಬಹಳ ಸಿಗುತ್ತದೆ. ನಗರ (ಹಿಂದಿನ ಬಿದನೂರು), ಚಿತ್ರದುರ್ಗದ ಫರ್ರುಖ್‌ಯಾಬ್ ಹಿಸಾರ್, ಧಾರವಾಡದ ಖುರ್ಷಿದ್ ಸವಾದ್, ನಮ್ಮ ಬೆಂಗಳೂರಿನದ್ದೇ ಕಾಸುಗಳೂ ಇವೆ. ಟಂಕಸಾಲೆಯ ಹೆಸರು ಮತ್ತು ವರ್ಷ ಎರಡೂ ಬಿಲ್ಲೆಯ ಒಳಗೆ ಬಿದ್ದಿರುವುದನ್ನು ಹುಡುಕಿ. ಟಿಪ್ಪು ತಾನೇ ತಂದ ಮೌಲೂದಿ ಕಾಲಗಣನೆಯ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಗೊತ್ತಿಲ್ಲದವರು ತಿರುಗಾಮುರುಗಾ ಓದಿ ತಪ್ಪು ವರ್ಷ ಹೇಳಿ ಮಾರುತ್ತಾರೆ. ಕಂಠೀರವ ಹಣ ಅರ್ಧ ಗ್ರಾಮೂ ತೂಗದ ಚಿನ್ನ, ಬೇಳೆ ಗಾತ್ರ. ಅದಕ್ಕೆ ನಕಲಿ ಬಹಳ, ಹಾಗಾಗಿ ಅಲ್ಲಿ ಸ್ಲ್ಯಾಬ್ ಇದ್ದರೆ ನೆಮ್ಮದಿ. ಆ ನೆಮ್ಮದಿ ಅಸಲಿ ಅನ್ನುವ ಕಾರಣಕ್ಕೆ, ಅಂಕಿಯ ಕಾರಣಕ್ಕಲ್ಲ.

ಕಾನೂನು ಮರೆಯಬೇಡಿ

100 ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಗ್ರೇಡ್ ಮಾಡಿಸಲೆಂದು ಕೊರಿಯರ್ ಮಾಡುವುದೂ ಇದರಲ್ಲೇ ಸೇರುತ್ತದೆ. 'ನಿಮ್ಮ ನಾಣ್ಯ ಕೊಡಿ, ನಾವು ಗ್ರೇಡ್ ಮಾಡಿಸಿ ಕೊಡುತ್ತೇವೆ' ಅನ್ನುವವರಿದ್ದರೆ, ಎಲ್ಲಿ ಗ್ರೇಡ್ ಆಗುತ್ತದೆ ಅಂತ ಬರಹದಲ್ಲಿ ಕೇಳಿ. ಜಾರ್ಜ್ ಐದನೆಯವನ 1911ರಿಂದ 1922ರವರೆಗಿನ ರೂಪಾಯಿಗಳು ಈಗಾಗಲೇ ಈ ನೂರರ ಗೆರೆ ದಾಟಿವೆ. ಇನ್ನು ನೆಲ ಅಗೆಯುವಾಗ ಸಿಕ್ಕಿದ ನಾಣ್ಯ ಅಂತ ಯಾರಾದರೂ ತಂದರೆ ಮುಟ್ಟಲೇಬೇಡಿ. ನಿಧಿ ಕಾಯ್ದೆ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಕೊಂಡದ್ದಕ್ಕೆಲ್ಲ ಬಿಲ್ ತಗೊಳ್ಳಿ, ಬಿಲ್ಲಿನಲ್ಲಿ ಸ್ಲ್ಯಾಬ್ ಸಂಖ್ಯೆ ಬರೆಸಿ.

ಮನೆಗೆ ತಂದ ಮೇಲೆ

ಸ್ಲ್ಯಾಬ್ ಗಾಳಿಯಾಡದ ಡಬ್ಬಿಯಲ್ಲ. ಮಳೆಗಾಲದ ತೇವಕ್ಕೆ ಒಳಗಿನ ತಾಮ್ರಕ್ಕೆ ಚುಕ್ಕೆ ಬರಬಹುದು, ಬೆಳ್ಳಿ ಕಪ್ಪಾಗಬಹುದು. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಡಬ್ಬಿಯಿಲ್ಲದ ನಾಣ್ಯಗಳನ್ನು ಮೆತ್ತನೆಯ ಪಿವಿಸಿ ಪೌಚ್‌ನಲ್ಲಿ ಇಟ್ಟರೆ ಹಸಿರು ಜಿಡ್ಡು ಕೂರುತ್ತದೆ, ಅದು ಮೈಯನ್ನೇ ತಿನ್ನುತ್ತದೆ.

ಒಂದು ನೋಟ್‌ಬುಕ್ ಇಡಿ. ಒಂದು ನಾಣ್ಯಕ್ಕೆ ಒಂದು ಪುಟ. ಎಲ್ಲಿ ಕೊಂಡಿರಿ, ಎಷ್ಟಕ್ಕೆ, ಸ್ಲ್ಯಾಬ್ ಸಂಖ್ಯೆ, ಲ್ಯಾಂಪಿನ ಕೆಳಗೆ ಏನು ಕಂಡಿರಿ, ಯಾಕೆ ಇಷ್ಟವಾಯಿತು, ಮಾರಬೇಕಾದರೆ ಯಾರನ್ನು ಕೇಳಬೇಕು. ಎಲ್ಲವನ್ನೂ ಕನ್ನಡದಲ್ಲೇ, ಮನೆಯವರಿಗೆ ತಿಳಿಯುವ ಹಾಗೆ ಬರೆಯಿರಿ. ಅಜ್ಜಿಯ ಏಳು ರೂಪಾಯಿಗಳಿಗೂ ನನ್ನ ಪುಸ್ತಕದಲ್ಲಿ ಒಂದು ಪುಟ ಇದೆ. ಅದರಲ್ಲಿ 'ತಿಕ್ಕಿದ್ದು, ಕೊಂಡಿ ತೆಗೆದದ್ದು, ಮಾರುವುದಿಲ್ಲ' ಅಂತ ಬರೆದಿದ್ದೇನೆ. ನಾಣ್ಯ ಬ್ಯಾಂಕ್ ಲಾಕರ್‌ನಲ್ಲಿರಲಿ, ಪುಸ್ತಕ ಮಾತ್ರ ಮನೆಯಲ್ಲೇ ಇರಲಿ.